ಪಂಚ ನಂಬರ್ ಎರಡು

ಸೋಮಾಚಾರ್ ಬಿನ್ ಲೇಟ್ ಕಾಳಾಚಾರ್,
ಐವತ್ತೆರಡು ವರ್ಷ, ಟೈರ್ ಕೆಲಸ, ವಾಸ ಹಗರೆ.
ಅದು ನಾನು.
ಮಹಜರಿನ ಎರಡನೇ ಪುಟದ ಕೆಳಗೆ
ಬಗ್ಗಿದ ಮೊಳೆಯಂತಿರುವ ರುಜು ನನ್ನದು.
ನಂಬರ್ ಒಂದು ಡೇರಿ ಸೆಕ್ರೆಟರಿ;
ಅವರು ಆಮೇಲೆ ತಿರುಗಿಬಿದ್ದರು.

ಮೊದಲು ಬಂದವರು ಬೇಲೂರು ಸರ್ಕಲ್‌ನವರು.
ಟೇಪಿನ ತುದಿ ಹಿಡಿ ಅಂದರು, ಹಿಡಿದೆ.
ಬ್ರೇಕಿನ ಗುರುತು ನಲವತ್ತೊಂದು ಅಡಿ.
ಆಮೇಲೆ ಸಿಐಡಿ. ಅವರ ಟೇಪಿಗೆ ಮೂವತ್ತೆಂಟು.
ನಿವೃತ್ತ ಜಡ್ಜಿ ಛತ್ರಿ ಹಿಡಿಸಿಕೊಂಡು ಬರುವ ಹೊತ್ತಿಗೆ
ರಸ್ತೆಗೆ ಹೊಸ ಡಾಂಬರು ಬಿದ್ದಾಗಿತ್ತು.
ಇದ್ದ ಜಾಗ ತೋರಿಸಪ್ಪಾ ಅಂದರು.
ತೋರಿಸಿದೆ,
ಕರಿಯ ಮೇಲೆ ಕರಿ.

ಕಂಡದ್ದು ಇಷ್ಟೆ:
ರಾತ್ರಿ ಒಂದೂ ಹತ್ತು. ಶುಂಠಿ ತೊಳೆಯುವ ಶೆಡ್ಡಿನ ನಾಯಿಗಳು
ಒಟ್ಟಿಗೆ ಬೊಗಳಿದವು. ಎದ್ದು ಹೋದೆ.
ಆಲದ ಮರಕ್ಕೆ ಒರಗಿ ಸುಧಾರಿಸಿಕೊಳ್ಳುವವರ ಹಾಗೆ ಕಾರು,
ಒಳಗೆ ಚಿತ್ರಭಾನು.
ಹಾಸನದ ಟಾಕೀಸಿನ ಮುಂದೆ ಮೂವತ್ತಡಿ ನಿಂತಿದ್ದವನು
ಸೀಟಿಗೂ ಸ್ಟೇರಿಂಗಿಗೂ ನಡುವೆ ಒಂದು ಮೊಳ ಆಗಿದ್ದ.
ಗುರುತು ಹಿಡಿದದ್ದು ಆಂಬುಲೆನ್ಸ್ ಹುಡುಗ, ನಾನಲ್ಲ.
ಅಂಟಿಸಿದ ಮೀಸೆ ಇಲ್ಲದಿದ್ದರೆ ಎಲ್ಲರೂ
ಯಾರದೋ ಮನೆಯ ಅಳಿಯನ ಹಾಗೇ ಕಾಣುತ್ತಾರೆ.

ಇಷ್ಟು ಹೇಳಿದರೆ ಯಾರಿಗೂ ಸಾಲದು.
ನಂಬರಿಲ್ಲದ ಲಾರಿ ಇತ್ತಲ್ಲಣ್ಣ, ಅನ್ನುತ್ತಾರೆ
ಅರಸೀಕೆರೆಯಿಂದ ಬೈಕಿನಲ್ಲಿ ಬಂದ ಹುಡುಗರು.
ಬಾವಮೈದನ ಫೋನು ಆವತ್ತು
ಹಳೇಬೀಡಿನ ಟವರಿಗೆ ಸಿಕ್ಕಿತ್ತಂತೆ, ಹೌದಾ?
ಇನ್ನೊಬ್ಬ ನನ್ನ ಕಿವಿಗೇ ಬಾಯಿಟ್ಟ:
ಸತ್ತವನು ಡ್ಯೂಪು. ಭಾನಣ್ಣ ಇದ್ದಾನೆ.
ಕೆಮ್ಮಣ್ಣುಗುಂಡಿ ಕಡೆ ಗಡ್ಡ ಬಿಟ್ಟುಕೊಂಡು
ನಸುಕಿಗೇ ಎದ್ದು ವಾಕಿಂಗ್ ಹೋಗುತ್ತಾನೆ.
ಅಂದವನೇ ಪ್ಯಾಕೆಟ್ಟು ಹಲ್ಲಲ್ಲಿ ಹರಿದು
ಆಲದ ಬೇರಿಗೆ ಹಾಲು ಬಿಟ್ಟ.
ಬದುಕಿದ್ದಾನೆ ಅನ್ನುವವರೇ
ಹಾಲುತುಪ್ಪ ಮಾಡುತ್ತಾರೆ ಇಲ್ಲಿ.

ಮೂರನೇ ಸಲ ಸಾಕ್ಷಿ ಹೇಳಿ ಬಂದ ರಾತ್ರಿ
ಆ ಲಾರಿ ನನಗೂ ಕಂಡಿತು.
ಕನಸಲ್ಲ, ಪೂರ್ತಿ ಎಚ್ಚರವೂ ಅಲ್ಲ.
ಹಸಿರು ಟಾರ್ಪಾಲು, ತೂಗುವ ನಿಂಬೆಹಣ್ಣು,
ಹಿಂದಿನ ಎಡಗಡೆ ಒಳಚಕ್ರ ಬೋಳು.
ಟೈರಿನವನಲ್ಲವೇ, ಟೈರನ್ನೇ ನೋಡಿದ್ದೆ.
ಜಡ್ಜಿಗೊಂದು ಕಾಗದ ಹಾಕೋಣವೆಂದು ಪೆನ್ನು ಹುಡುಕಿದೆ.
ವಿಶಾಲಾಕ್ಷಿ ಮಗ್ಗುಲು ಬದಲಿಸಿ,
ನಿಂಗೆ ಕಂಡಿದ್ರೆ ನಂಗೆ ಸದ್ದಾದ್ರೂ ಕೇಳ್ಬೇಕಿತ್ತು,
ಮಲ್ಕೋ ಅಂದಳು.

ವರದಿ ಬಂತು, ಇನ್ನೂರ ಹದಿನಾರು ಪುಟ.
ಅತಿವೇಗ, ನಿದ್ದೆಗಣ್ಣು, ತಿರುವು.
ಅದನ್ನೂ ದುಡ್ಡು ಕೊಟ್ಟು ಬರೆಸಿದ್ದು ಅಂತ ಹುಡುಗರು.
ನೂರಾನಾಲ್ಕನೇ ಪುಟದಲ್ಲಿ ನಾನು
ಸೋಮಶೇಖರ ಆಗಿದ್ದೇನೆ.

ಇಂಡಿಕೇಟರ್ ಮಾತು ಅದರಲ್ಲಿಲ್ಲ.
ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.
ಮುಂದಿನದೆಲ್ಲ ಅಪ್ಪಚ್ಚಿಯಾಗಿದ್ದರೂ
ಹಿಂದೆ ಎಡಗಡೆಯ ದೀಪ
ಕ್ರೇನು ಎತ್ತುವ ತನಕ ಹಳದಿಯಾಗಿ
ಟಿಕ್ ಟಿಕ್ ಅನ್ನುತ್ತಲೇ ಇತ್ತು.
ಅಲ್ಲಿ ಎಡಕ್ಕೆ ದಾರಿಯಿಲ್ಲ.
ಆಲೂಗಡ್ಡೆ ಹೊಲ, ಒಂದು ಬೋರ್‌ವೆಲ್ಲು,
ಅದು ದಾಟಿದರೆ ನನ್ನ ಅಂಗಡಿ.
ಇಪ್ಪತ್ನಾಲ್ಕು ಗಂಟೆಯೂ ಗಾಳಿ ಹಾಕಲಾಗುವುದು,
ಬೋರ್ಡಿದೆ.
ಬೋರ್ಡಿನ ಬಲ್ಬನ್ನು ಆವತ್ತು ಹನ್ನೆರಡಕ್ಕೇ ಆರಿಸಿದ್ದೆ.

ನಾಲ್ಕೂ ಟೈರು ಸರಿಯಿದ್ದವು.
ಮಹಜರಿನಲ್ಲಿದೆ. ಒತ್ತಿ ನೋಡಿದವನೂ ನಾನೇ,
ಅದಕ್ಕೆ ಬಿದ್ದ ರುಜುವೂ ನನ್ನದೇ.
ಆದರೂ.

ಹುಡುಗರ ಲಾರಿಗೆ ನಾನೀಗ ನಗುವುದಿಲ್ಲ.
ಸ್ಟೂಲು ಕೊಟ್ಟು ಕೂರಿಸುತ್ತೇನೆ.
ಬಲ್ಬು ಬೆಳಗಿನ ತನಕ ಉರಿಯುತ್ತದೆ,
ತಿಂಗಳಿಗೆ ತೊಂಬತ್ತು ರೂಪಾಯಿ ಹೆಚ್ಚು.
ಯಾಕೆ ಅಂತ ವಿಶಾಲಾಕ್ಷಿ ಕೇಳಿದರೆ
ನಾಯಿಗಳಿಗೆ ಅನ್ನುತ್ತೇನೆ.